ಎರಡು ಬ್ಲ್ಯಾಕ್‌ಬರ್ನ್ ಮತ್ತು ಒಂದು ಹಳೆಯ ಪ್ರಶ್ನೆ: ಇಂಗ್ಲೆಂಡಿಗೆ ಸ್ವಂತ ಪಾರ್ಲಿಮೆಂಟ್ ಬೇಕಾ?

ಬ್ರಿಟನ್ನಿನಲ್ಲಿ ಬ್ಲ್ಯಾಕ್‌ಬರ್ನ್ ಅಂತ ಎರಡು ಊರುಗಳಿವೆ. ಒಂದು ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿದೆ, ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿತ್ತು. ಇನ್ನೊಂದು ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್‌ನಲ್ಲಿ, ಎಡಿನ್‌ಬರೋ ಮತ್ತು ಗ್ಲಾಸ್ಗೋ ನಡುವಿನ ಚಿಕ್ಕ ಊರು. ನಮ್ಮಲ್ಲಿ ತಾಲ್ಲೂಕಿಗೊಂದು ಹೊಸಹಳ್ಳಿ ಇರುತ್ತದಲ್ಲ, ಹಾಗೆ.

1977ರಲ್ಲಿ ವೆಸ್ಟ್ ಲೋಥಿಯನ್ ಕ್ಷೇತ್ರದ ಎಂಪಿ ಟಾಮ್ ಡಲ್ಯೆಲ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದು ನಿಂತರು. ಆಗ ಲೇಬರ್ ಸರ್ಕಾರ ಸ್ಕಾಟ್ಲೆಂಡಿಗೆ ಒಂದು ಸ್ವಂತ ಶಾಸನಸಭೆ ಕೊಡಲು ಹೊರಟಿತ್ತು. ಡಲ್ಯೆಲ್ ಕೂಡ ಲೇಬರ್ ಪಕ್ಷದವರೇ. ಆದರೂ ಅವರು ಕೇಳಿದ್ದು ಇಷ್ಟು: ಈ ಸಭೆ ಬಂದ ಮೇಲೆ ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್‌ನ ಶಾಲೆ, ಆಸ್ಪತ್ರೆಗಳ ಬಗ್ಗೆ ನಾನು ಇಲ್ಲಿ ಓಟು ಹಾಕಬಹುದು. ನನ್ನದೇ ಕ್ಷೇತ್ರದ ಬ್ಲ್ಯಾಕ್‌ಬರ್ನ್ ಬಗ್ಗೆ ಹಾಕುವಂತಿಲ್ಲ, ಏಕೆಂದರೆ ಅದು ಎಡಿನ್‌ಬರೋಗೆ ಹೋಗಿರುತ್ತದೆ. ಇದನ್ನು ಇಂಗ್ಲೆಂಡಿನವರು ಎಷ್ಟು ದಿನ ಸಹಿಸಿಕೊಂಡಾರು?

ಎನಾಕ್ ಪವೆಲ್ ಅನ್ನುವ ಇನ್ನೊಬ್ಬ ಎಂಪಿ ಇದಕ್ಕೆ 'ವೆಸ್ಟ್ ಲೋಥಿಯನ್ ಪ್ರಶ್ನೆ' ಅಂತ ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಉತ್ತರ ಇನ್ನೂ ಸಿಕ್ಕಿಲ್ಲ.

ನಮಗೆ ಇದು ಹತ್ತಿರವಾಗಬೇಕಾದರೆ ಹೀಗೆ ಯೋಚಿಸಿ. ಕೇರಳಕ್ಕೆ ವಿಧಾನಸಭೆ ಇದೆ, ಕರ್ನಾಟಕಕ್ಕೆ ಇಲ್ಲವೇ ಇಲ್ಲ ಅಂದುಕೊಳ್ಳಿ. ಮಂಗಳೂರಿನ ಸರ್ಕಾರಿ ಆಸ್ಪತ್ರೆಯ ಕಾನೂನು ದಿಲ್ಲಿಯ ಲೋಕಸಭೆಯಲ್ಲೇ ಆಗಬೇಕು. ಅಲ್ಲಿ ಕಾಸರಗೋಡಿನ ಎಂಪಿಯೂ ಓಟು ಹಾಕುತ್ತಾರೆ. ಕಾಸರಗೋಡಿನ ಆಸ್ಪತ್ರೆಯದು ಮಾತ್ರ ತಿರುವನಂತಪುರದಲ್ಲಿ ತೀರ್ಮಾನ. ಅಲ್ಲಿ ಮಂಗಳೂರಿನ ಎಂಪಿಗೂ ಮಾತಿಲ್ಲ, ಕಾಸರಗೋಡಿನ ಎಂಪಿಗೂ ಮಾತಿಲ್ಲ. ವಿಚಿತ್ರ ಅನಿಸುತ್ತದೆ ಅಲ್ವಾ? ಇಂಗ್ಲೆಂಡಿನ ಜನ 1999ರಿಂದ ಬದುಕುತ್ತಿರುವುದು ಇದೇ ಏರ್ಪಾಡಿನಲ್ಲಿ.

ಅದು ಬಂದದ್ದು ಹೇಗೆ ಅಂತ ಬೇಗ ನೋಡಿಬಿಡೋಣ. 1707ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಒಂದಾದವು. ಎರಡೂ ಕಡೆಯ ಪಾರ್ಲಿಮೆಂಟ್ ಮುಚ್ಚಿ ಲಂಡನ್ನಿನ ವೆಸ್ಟ್‌ಮಿನ್ಸ್ಟರ್‌ನಲ್ಲಿ ಒಂದೇ ಪಾರ್ಲಿಮೆಂಟ್ ಆಯಿತು. ಕಾಗದದ ಮೇಲೆ ಇಂಗ್ಲೆಂಡಿನದೂ ಮುಚ್ಚಿತು ನಿಜ. ಆದರೆ ಜಾಗ ಅದೇ, ಪದ್ಧತಿ ಅದೇ, ಹೆಚ್ಚಿನ ಜನರೂ ಅವರೇ. ಹಾಗಾಗಿ ತಮ್ಮದು ಹೋಯಿತು ಅಂತ ಇಂಗ್ಲೆಂಡಿನವರಿಗೆ ಅನಿಸಲೇ ಇಲ್ಲ. ಸ್ಕಾಟ್ಲೆಂಡಿನವರಿಗೆ ಅನಿಸಿತು. 1979ರ ಜನಮತಗಣನೆಯಲ್ಲಿ ಅಲ್ಲಿ ಸ್ವಂತ ಸಭೆ 'ಬೇಕು' ಅಂದವರೇ ಜಾಸ್ತಿ ಇದ್ದರು. ಆದರೆ ಒಟ್ಟು ಮತದಾರರಲ್ಲಿ 40% ಜನ ಹೌದು ಅನ್ನಬೇಕು ಅಂತ ಒಂದು ಷರತ್ತು ಇತ್ತು, ಅದು ಮುಟ್ಟಲಿಲ್ಲ. 1997ರಲ್ಲಿ ಮತ್ತೆ ಕೇಳಿದಾಗ 74% ಜನ ಹೌದು ಅಂದರು. ಒಂದೇ ವಾರದ ಅಂತರದಲ್ಲಿ ವೇಲ್ಸ್ ಕೂಡ ಹೌದು ಅಂದಿತು, ಅದೂ ಬರೀ 6,721 ಓಟುಗಳ ಅಂತರದಲ್ಲಿ. 1998ರ ಶಾಂತಿ ಒಪ್ಪಂದದಿಂದ ಉತ್ತರ ಐರ್ಲೆಂಡಿಗೂ ಒಂದು ಸಭೆ ಬಂತು. ನಾಲ್ಕು ಮಕ್ಕಳ ಮನೆಯಲ್ಲಿ ಮೂವರಿಗೆ ಬೇರೆ ಅಡುಗೆಮನೆ ಸಿಕ್ಕಿತು. ದೊಡ್ಡಣ್ಣ ಮಾತ್ರ ಹಳೆ ಮನೆಯ ಒಲೆಯಲ್ಲೇ ಉಳಿದ. ಆ ಒಲೆಯ ಮುಂದೆ ಈಗಲೂ ನಾಲ್ವರೂ ಕೂರುತ್ತಾರೆ.

ಇಂಗ್ಲೆಂಡಿಗೆ ಅಂತ ಬೇರೆ ಸರ್ಕಾರ ಇಲ್ಲದ್ದರಿಂದ ಲಂಡನ್ನಿನ ಮಂತ್ರಿಗಳಿಗೆ ಎರಡು ವೇಷ. ವಿದೇಶಾಂಗ ಮಂತ್ರಿ, ರಕ್ಷಣಾ ಮಂತ್ರಿ ಇಡೀ ಬ್ರಿಟನ್ನಿಗೆ. ಆರೋಗ್ಯ ಮಂತ್ರಿ, ಶಿಕ್ಷಣ ಮಂತ್ರಿ ಹೆಚ್ಚುಕಮ್ಮಿ ಇಂಗ್ಲೆಂಡಿಗೆ ಮಾತ್ರ. ಆದರೆ ಬೋರ್ಡಿನ ಮೇಲೆ ಹಾಗಂತ ಬರೆದಿರುವುದಿಲ್ಲ. ಇದು ಎಲ್ಲರ ಕಣ್ಣಿಗೂ ಬಿದ್ದದ್ದು ಕೊರೊನಾ ಕಾಲದಲ್ಲಿ. 2020ರ ಮೇ ತಿಂಗಳಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಲಾಕ್‌ಡೌನ್ ಸಡಿಲ ಮಾಡುತ್ತೇವೆ ಅಂದರು. ಕಾರು ತಗೊಂಡು ದೂರದ ಬೆಟ್ಟಕ್ಕೋ ಸಮುದ್ರಕ್ಕೋ ಹೋಗಬಹುದು ಅನ್ನುವ ಆ ಸಡಿಲಿಕೆ ಇಂಗ್ಲೆಂಡಿಗೆ ಮಾತ್ರ ಅನ್ವಯವಾಗುತ್ತಿತ್ತು. ವೇಲ್ಸ್‌ನಲ್ಲಿ ಆಗಲೂ ಮನೆಯಲ್ಲೇ ಇರಿ ಅನ್ನುವ ನಿಯಮ. ಬೆಟ್ಟ ನೋಡಲು ಗಡಿ ದಾಟಿ ಬಂದ ಕಾರುಗಳನ್ನು ವೇಲ್ಸ್ ಪೊಲೀಸರು ನಿಲ್ಲಿಸಿ ವಾಪಸ್ ಕಳಿಸಿದರು. ನಮ್ಮ ಪ್ರಧಾನಿ ಇಷ್ಟೆಲ್ಲ ವಿಚಾರದಲ್ಲಿ ಬರೀ ಇಂಗ್ಲೆಂಡಿನ ಪ್ರಧಾನಿಯಾ ಅಂತ ಎಷ್ಟೋ ಜನ ಮೊದಲ ಬಾರಿಗೆ ಕೇಳಿಕೊಂಡಿರಬೇಕು.

ಸರಿ, ಇದರಿಂದ ಯಾರಿಗೆ ಏನು ತೊಂದರೆ? 2003 ಮತ್ತು 2004ರ ಎರಡು ಓಟುಗಳನ್ನು ನೋಡಿದರೆ ಗೊತ್ತಾಗುತ್ತದೆ.

2003ರಲ್ಲಿ ಟೋನಿ ಬ್ಲೇರ್ ಸರ್ಕಾರ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹೆಚ್ಚು ಸ್ವಾಯತ್ತತೆ ಕೊಡುವ ಮಸೂದೆ ತಂದಿತು. ಆಗಿನ ಆರೋಗ್ಯ ಮಂತ್ರಿ ಜಾನ್ ರೀಡ್. ಅವರ ಕ್ಷೇತ್ರ ಸ್ಕಾಟ್ಲೆಂಡಿನಲ್ಲಿ. ಅಂದರೆ ಅವರು ಮಾಡುವ ಕಾನೂನು ಅವರಿಗೆ ಓಟು ಹಾಕಿದ ಒಬ್ಬರಿಗೂ ತಾಕುವುದಿಲ್ಲ. ಮಸೂದೆ 17 ಓಟಿನಿಂದ ಪಾಸಾಯಿತು. ಎರಡೇ ತಿಂಗಳಲ್ಲಿ ಇನ್ನೊಂದು ಬಂತು: ವಿಶ್ವವಿದ್ಯಾಲಯಗಳು ವರ್ಷಕ್ಕೆ 3,000 ಪೌಂಡ್‌ವರೆಗೆ ಫೀಸು ತಗೊಳ್ಳಬಹುದು ಅನ್ನುವ ಮಸೂದೆ. 2004ರ ಜನವರಿ 27ರಂದು ಅದು 316–311ರಲ್ಲಿ ಗೆದ್ದಿತು. ಬರೀ 5 ಓಟು! ಸರ್ಕಾರದ ಪರ ಓಟು ಹಾಕಿದವರಲ್ಲಿ ಸ್ಕಾಟ್ಲೆಂಡಿನ ಹತ್ತಾರು ಲೇಬರ್ ಎಂಪಿಗಳಿದ್ದರು. ಅವರು ಸುಮ್ನೆ ಕೂತಿದ್ದರೂ ಮಸೂದೆ ಬೀಳುತ್ತಿತ್ತು. ಆ ಫೀಸು ಅವರ ಊರಿನ ಕಾಲೇಜುಗಳಿಗೆ ಇಲ್ಲ. ಈಗ ಇಂಗ್ಲೆಂಡಿನಲ್ಲಿ ಅದು ವರ್ಷಕ್ಕೆ 9,000 ಪೌಂಡ್ ದಾಟಿದೆ. ಸ್ಕಾಟ್ಲೆಂಡಿನ ಹುಡುಗರು ಸ್ಕಾಟ್ಲೆಂಡಿನಲ್ಲೇ ಓದಿದರೆ ಪದವಿಗೆ ಬೋಧನಾ ಶುಲ್ಕವೇ ಕಟ್ಟಬೇಕಿಲ್ಲ.

ಔಷಧಿ ಅಂಗಡಿಯಲ್ಲೂ ಇದೇ ಕಥೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಡಾಕ್ಟರ್ ಬರೆದುಕೊಟ್ಟ ಪ್ರತಿ ಔಷಧಿಗೂ ಒಂದು ಶುಲ್ಕ ಕಟ್ಟಬೇಕು. 2024ರ ಮೇ ತಿಂಗಳಲ್ಲಿ ಅದು 9.90 ಪೌಂಡ್ ಆಯಿತು. ಮಕ್ಕಳು, 60 ದಾಟಿದವರು, ಇನ್ನೂ ಕೆಲವರಿಗೆ ವಿನಾಯಿತಿ ಇದೆ. ಇಂಗ್ಲೆಂಡಿನ ಗಡಿ ಊರು ಕಾರ್ಲೈಲ್‌ನಲ್ಲಿ ನಡುವಯಸ್ಸಿನ ಒಬ್ಬರು ಮೂರು ಔಷಧಿಯ ಚೀಟಿ ಹಿಡಿದು ಹೋದರೆ ಸುಮಾರು 30 ಪೌಂಡ್ ಇಡಬೇಕು. ಅಲ್ಲಿಂದ ಅರ್ಧ ಗಂಟೆಯೊಳಗಿನ ದಾರಿ ಗ್ರೆಟ್ನಾ, ಅದು ಸ್ಕಾಟ್ಲೆಂಡ್. ಅಲ್ಲಿನ ಡಾಕ್ಟರ ಹತ್ತಿರ ಹೆಸರು ಬರೆಸಿದವರಿಗೆ ಅದೇ ಮೂರು ಔಷಧಿ ಪುಕ್ಕಟೆ. ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಈ ಶುಲ್ಕ ತೆಗೆದುಹಾಕಿದವು. ಉಳಿದದ್ದು ಇಂಗ್ಲೆಂಡ್ ಒಂದೇ.

ಹಾಗಾದರೆ ಇಂಗ್ಲೆಂಡಿಗೂ ಒಂದು ಪಾರ್ಲಿಮೆಂಟ್ ಕೊಟ್ಟುಬಿಡಿ, ಮುಗೀತಲ್ಲ! ಮೊದಲು ಹೊಳೆಯುವ ಉತ್ತರ ಇದೇ. ಇದನ್ನೇ ಕೇಳಲು 1998ರಲ್ಲಿ ಒಂದು ಚಳವಳಿ ಕೂಡ ಶುರುವಾಯಿತು. ಅವರ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಮೂವರಿಗೆ ಇರುವುದು ನಾಲ್ಕನೆಯವರಿಗೆ ಏಕಿಲ್ಲ? ಇಂಗ್ಲೆಂಡಿನ ಶಾಲೆ ಬಗ್ಗೆ ಇಂಗ್ಲೆಂಡ್ ಆರಿಸಿದವರು ತೀರ್ಮಾನಿಸಲಿ, ಸೈನ್ಯ, ವಿದೇಶಾಂಗ, ಕರೆನ್ಸಿ ಎಲ್ಲರ ಪಾರ್ಲಿಮೆಂಟ್ ನೋಡಿಕೊಳ್ಳಲಿ. ನಮ್ಮ ಕೇಂದ್ರ, ರಾಜ್ಯಗಳ ಹಾಗೆ.

ಗಂಟು ಬೀಳುವುದು ತೂಕದಲ್ಲಿ. 2021ರ ಜನಗಣತಿಯಂತೆ ಇಂಗ್ಲೆಂಡಿನ ಜನಸಂಖ್ಯೆ ಸುಮಾರು 5.65 ಕೋಟಿ. ಸ್ಕಾಟ್ಲೆಂಡ್ 54 ಲಕ್ಷ, ವೇಲ್ಸ್ 31 ಲಕ್ಷ, ಉತ್ತರ ಐರ್ಲೆಂಡ್ 19 ಲಕ್ಷ. ಬ್ರಿಟನ್ನಿನ ನೂರು ಜನರಲ್ಲಿ 84 ಮಂದಿ ಇಂಗ್ಲೆಂಡಿನಲ್ಲೇ ಇದ್ದಾರೆ. ಪಾರ್ಲಿಮೆಂಟಿನ 650 ಸೀಟುಗಳಲ್ಲಿ ಇಂಗ್ಲೆಂಡಿಗೆ 543. (ನಮ್ಮ ಲೋಕಸಭೆಗೆ ಚುನಾಯಿತರಾಗುವವರೂ ಅಷ್ಟೇ ಜನ. ಶುದ್ಧ ಕಾಕತಾಳೀಯ.) ನಮ್ಮಲ್ಲಿ ಉತ್ತರ ಪ್ರದೇಶ ತೀರಾ ದೊಡ್ಡದಾಯಿತು ಅಂತ ಗೊಣಗುತ್ತೇವೆ. ಅದಕ್ಕೆ ಇರುವುದು 543ರಲ್ಲಿ 80 ಸೀಟು. ಉತ್ತರ ಪ್ರದೇಶಕ್ಕೆ 450ಕ್ಕೂ ಜಾಸ್ತಿ ಸೀಟು ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಇಂಗ್ಲೆಂಡಿನ ಸಮಸ್ಯೆ ಆ ಅಳತೆಯದು.

ಈಗ ಇಂಗ್ಲೆಂಡಿಗೆ ಪಾರ್ಲಿಮೆಂಟ್ ಬಂತು, ಅದಕ್ಕೊಬ್ಬ ಮುಖ್ಯಮಂತ್ರಿ ಬಂದ ಅಂತಲೇ ಇಟ್ಟುಕೊಳ್ಳೋಣ. ಆತನ ಕೈಯಲ್ಲಿ ಏನೇನಿರುತ್ತದೆ? 5.65 ಕೋಟಿ ಜನರ ಆಸ್ಪತ್ರೆ, ಶಾಲೆ, ಪೊಲೀಸು, ರಸ್ತೆ, ಮನೆ ಕಟ್ಟುವ ಯೋಜನೆ. ಜನ ಬೆಳಿಗ್ಗೆ ಎದ್ದರೆ ಮಾತಾಡುವುದೆಲ್ಲ ಇದನ್ನೇ. ಬ್ರಿಟನ್ನಿನ ಪ್ರಧಾನಿಗೆ ಸೈನ್ಯ, ವಿದೇಶ ಪ್ರವಾಸ, ಪಿಂಚಣಿ ಮತ್ತು ಖಜಾನೆ ಉಳಿಯುತ್ತದೆ. ಇಬ್ಬರೂ ಒಂದೇ ಪಕ್ಷದವರಾದರೆ ಹೇಗೋ ನಡೆಯುತ್ತದೆ. ಬೇರೆ ಬೇರೆ ಆದರೆ? 2010ರಲ್ಲಿ ಕನ್ಸರ್ವೇಟಿವ್ ಪಕ್ಷ ಇಂಗ್ಲೆಂಡಿನ 533 ಸೀಟುಗಳಲ್ಲಿ ಸ್ಪಷ್ಟ ಬಹುಮತ ಪಡೆದಿತ್ತು. ಇಡೀ ಬ್ರಿಟನ್ನಿನ ಲೆಕ್ಕದಲ್ಲಿ 306ಕ್ಕೆ ನಿಂತು ಲಿಬರಲ್ ಡೆಮಾಕ್ರಾಟರ ಜೊತೆ ಸೇರಿ ಸರ್ಕಾರ ಮಾಡಬೇಕಾಯಿತು. ಅಂಥ ಹೊತ್ತಲ್ಲಿ ಇಂಗ್ಲೆಂಡಿನ ಮುಖ್ಯಮಂತ್ರಿ ಒಂದು ಕಡೆ ಎಳೆದರೆ ಪ್ರಧಾನಿ ಅಂತ ಒಬ್ಬರು ಇದ್ದೂ ಇಲ್ಲದ ಹಾಗೆ.

ಇದು ಬರೀ ಊಹೆಯಲ್ಲ. ಸೋವಿಯತ್ ಒಕ್ಕೂಟದಲ್ಲಿ ಅರ್ಧದಷ್ಟು ಜನ ಇದ್ದದ್ದು ರಷ್ಯಾ ಅನ್ನುವ ಒಂದೇ ಗಣರಾಜ್ಯದಲ್ಲಿ. 1991ರ ಜೂನಿನಲ್ಲಿ ಅಲ್ಲಿನ ಜನ ನೇರವಾಗಿ ಓಟು ಹಾಕಿ ಬೋರಿಸ್ ಯೆಲ್ಟ್ಸಿನ್‌ರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಒಕ್ಕೂಟದ ಅಧ್ಯಕ್ಷ ಗೋರ್ಬಚೆವ್‌ಗೆ ಜನ ಓಟು ಹಾಕಿರಲೇ ಇಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಒಕ್ಕೂಟವೇ ಇರಲಿಲ್ಲ. ಕಾರಣಗಳು ಬೇಕಾದಷ್ಟಿದ್ದವು, ಆದರೆ ಅದರಲ್ಲಿ ಇದೂ ಒಂದು. ಹಳೆಯ ಜರ್ಮನಿಯಲ್ಲಿ ಪ್ರಷ್ಯಾ ಹೀಗೆಯೇ ದೇಶದ ಅರ್ಧಕ್ಕಿಂತ ದೊಡ್ಡದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಗೆದ್ದವರು ಪ್ರಷ್ಯಾವನ್ನೇ ರದ್ದು ಮಾಡಿದರು. ರಷ್ಯಾ, ಪ್ರಷ್ಯಾ ಎರಡೂ 84%ರ ಹತ್ತಿರಕ್ಕೂ ಬಂದವಲ್ಲ ಅನ್ನುವುದನ್ನು ಗಮನಿಸಿ. 1973ರಲ್ಲೇ ಬ್ರಿಟನ್ನಿನ ಆಡಳಿತ ವ್ಯವಸ್ಥೆಯನ್ನು ಪರಿಶೀಲಿಸಿದ ಕಿಲ್‌ಬ್ರಾಂಡನ್ ಆಯೋಗ ಈ ಲೆಕ್ಕ ಹಾಕಿ, ನಾಲ್ಕು ಭಾಗಗಳ ಒಕ್ಕೂಟ ಮಾಡಿದರೆ ಇಂಗ್ಲೆಂಡಿನ ಭಾರಕ್ಕೆ ತಕ್ಕಡಿ ನಿಲ್ಲುವುದಿಲ್ಲ ಅನ್ನುವ ತೀರ್ಮಾನಕ್ಕೆ ಬಂದಿತ್ತು.

ನನಗೆ ಆಯೋಗದ ಮಾತು ಸರಿ ಅನಿಸುತ್ತದೆ. ಇಂಗ್ಲೆಂಡಿನವರ ದೂರು ನ್ಯಾಯವಾದದ್ದು, ಆದರೆ ಅವರು ಕೇಳುವ ಮದ್ದು ರೋಗಿಯನ್ನೇ ತಗೊಂಡು ಹೋಗುವಂಥದ್ದು. ಸ್ಕಾಟ್ಲೆಂಡ್ ಹೊರಗೆ ಹೋದರೆ ಹೋಗಲಿ, ಬ್ರಿಟನ್ ಒಡೆದರೂ ಪರವಾಗಿಲ್ಲ ಅನ್ನುವವರಿಗೆ ಇಂಗ್ಲಿಷ್ ಪಾರ್ಲಿಮೆಂಟ್ ಒಳ್ಳೆಯ ದಾರಿಯೇ. ಬ್ರಿಟನ್ನೂ ಉಳಿಯಬೇಕು ಅನ್ನುವವರು ಅದನ್ನು ಕೇಳುವಾಗ ಎರಡು ಸಲ ಯೋಚಿಸಬೇಕು.

ಪಾರ್ಲಿಮೆಂಟ್ ಬೇಡ, ಓಟಿನ ನಿಯಮ ಬದಲಿಸಿ ಅನ್ನುವುದು ಎರಡನೇ ದಾರಿ. ಈ ಆಸೆ ಹೊಸದಲ್ಲ. 1880, 90ರ ದಶಕದಲ್ಲಿ, ಆಗ ಇಡಿಯಾಗಿ ಬ್ರಿಟನ್ನಿನ ಕೈಯಲ್ಲಿದ್ದ ಐರ್ಲೆಂಡಿಗೆ ಸ್ವಂತ ಆಡಳಿತ ಕೊಡಲು ಹೊರಟ ಪ್ರಧಾನಿ ಗ್ಲಾಡ್‌ಸ್ಟನ್ ಇದೇ ಕಲ್ಲಿಗೆ ಎಡವಿದರು. ಐರ್ಲೆಂಡಿನ ಎಂಪಿಗಳು ಲಂಡನ್ನಿನಲ್ಲಿ ಇರಬೇಕಾ, ಬೇಡವಾ, ಕೆಲವು ವಿಷಯಕ್ಕೆ ಒಳಗೆ ಬಂದು ಉಳಿದಾಗ ಹೊರಗೆ ಕೂರಬೇಕಾ? ಮೂರನ್ನೂ ಯೋಚಿಸಿದರು, ಒಂದೂ ಹೊಂದಲಿಲ್ಲ. 1920ರ ನಂತರ ಉತ್ತರ ಐರ್ಲೆಂಡಿಗೆ ಪಾರ್ಲಿಮೆಂಟ್ ಬಂದಾಗ ಅದರ ಎಂಪಿ ಸಂಖ್ಯೆಯನ್ನು 13ಕ್ಕೆ ಇಳಿಸಿ ಕೈ ತೊಳೆದುಕೊಂಡರು. ಸ್ಕಾಟ್ಲೆಂಡಿಗೂ ಅದನ್ನೇ ಸ್ವಲ್ಪ ಮಾಡಿದ್ದಾರೆ: 72 ಇದ್ದದ್ದು 2005ರಲ್ಲಿ 59 ಆಯಿತು, ಈಗ 57. ಸಂಖ್ಯೆ ಇಳಿಸಿದರೆ ಪ್ರಶ್ನೆ ಸಣ್ಣದಾಗುತ್ತದೆ, ಹೋಗುವುದಿಲ್ಲ.

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್ ಪ್ರತ್ಯೇಕ ದೇಶವಾಗಬೇಕಾ ಅಂತ ಜನಮತಗಣನೆ ನಡೆದು 55% ಜನ ಬೇಡ ಅಂದರು. ಮರುದಿನ ಬೆಳಿಗ್ಗೆಯೇ ಪ್ರಧಾನಿ ಡೇವಿಡ್ ಕ್ಯಾಮರಾನ್ ಮನೆ ಬಾಗಿಲಲ್ಲಿ ನಿಂತು, ಇನ್ನು ಇಂಗ್ಲೆಂಡಿನ ಮಾತನ್ನೂ ಕೇಳಬೇಕು ಅಂದರು. ಸ್ಕಾಟ್ಲೆಂಡಿನವರು ಉಳಿಯುತ್ತೇವೆ ಅಂದ ಗಳಿಗೆಯಲ್ಲೇ ಈ ಮಾತು ಆಡಬೇಕಿತ್ತಾ ಅನ್ನುವ ಜಗಳ ಇನ್ನೂ ಇದೆ. ಏನೇ ಇರಲಿ, 2015ರ ಅಕ್ಟೋಬರ್‌ನಲ್ಲಿ 'ಇಂಗ್ಲಿಷ್ ಕಾನೂನಿಗೆ ಇಂಗ್ಲಿಷ್ ಓಟು' ಅನ್ನುವ ನಿಯಮ ಬಂತು.

ಅದು ಹೀಗೆ ನಡೆಯುತ್ತಿತ್ತು. ಮಸೂದೆಯ ಯಾವ ಭಾಗ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದು ಅಂತ ಸ್ಪೀಕರ್ ಸರ್ಟಿಫಿಕೇಟ್ ಕೊಡಬೇಕು. ಆಮೇಲೆ ಸದನ ಒಂದೆರಡು ನಿಮಿಷ ನಿಲ್ಲುತ್ತದೆ. ಮತ್ತೆ ಸೇರಿದಾಗ ಅದೇ ಕೋಣೆ, ಅದೇ ಹಸಿರು ಬೆಂಚುಗಳು, ಆದರೆ ಹೆಸರು ಮಾತ್ರ ಇಂಗ್ಲೆಂಡಿನ ಮಹಾಸಮಿತಿ. ಸ್ಕಾಟ್ಲೆಂಡಿನವರು ಕೂರಬಹುದು, ಮಾತಾಡಬಹುದು, ಓಟು ಮಾತ್ರ ಹಾಕುವಂತಿಲ್ಲ. ಇಂಗ್ಲೆಂಡಿನ ಎಂಪಿಗಳು ಒಪ್ಪಿದರೆ ಮಸೂದೆ ಕೊನೆಯ ಓಟಿಗೆ ಹೋಗುತ್ತದೆ. ಅಲ್ಲಿ ಮತ್ತೆ ಎಲ್ಲರೂ ಓಟು ಹಾಕುತ್ತಾರೆ. ಅಂದರೆ ಇಂಗ್ಲೆಂಡಿಗೆ ಸಿಕ್ಕಿದ್ದು ಬೇಡ ಅನ್ನುವ ಹಕ್ಕು. ಬೇಕು ಅಂದದ್ದನ್ನು ತಂದುಕೊಳ್ಳುವ ಹಕ್ಕು ಸಿಗಲಿಲ್ಲ.

ಆ ವ್ಯತ್ಯಾಸ ಐದೇ ತಿಂಗಳಲ್ಲಿ ಬಯಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆಗಿಂತ ಹೆಚ್ಚು ಹೊತ್ತು ತೆರೆದಿರುವಂತಿಲ್ಲ ಅನ್ನುವ ಕಾನೂನಿದೆ. ಅದನ್ನು ಸಡಿಲಿಸಲು ಸರ್ಕಾರ ಹೊರಟಿತು. ಸ್ಕಾಟ್ಲೆಂಡಿನಲ್ಲಿ ಆ ನಿರ್ಬಂಧವೇ ಇಲ್ಲ. ಆದರೂ 2016ರ ಮಾರ್ಚ್ 9ರಂದು ಸ್ಕಾಟಿಷ್ ನ್ಯಾಷನಲ್ ಪಕ್ಷದ ಎಂಪಿಗಳು ವಿರುದ್ಧ ಓಟು ಹಾಕಿದರು. ಸರ್ಕಾರ 317–286ರಲ್ಲಿ ಸೋತಿತು. ಹೊಸ ನಿಯಮ ಏನೂ ಮಾಡಲಾಗಲಿಲ್ಲ. ಇಂಗ್ಲೆಂಡಿನ ಎಂಪಿಗಳು ಆ ನಿಯಮ ಬಳಸಿ ಒಂದು ಮಸೂದೆಯನ್ನೂ ತಡೆದದ್ದಿಲ್ಲ. ಕೊರೊನಾ ಬಂದಾಗ ಅದನ್ನು ಅಟ್ಟಕ್ಕೆ ಹಾಕಿದರು, 2021ರ ಜುಲೈಯಲ್ಲಿ ಪೂರ್ತಿ ತೆಗೆದೇಬಿಟ್ಟರು. ಬೀದಿಯಲ್ಲಿ ಯಾರೂ ಗಲಾಟೆ ಮಾಡಲಿಲ್ಲ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಬಾರ್ನೆಟ್ ಸೂತ್ರ ಅಂತ ಒಂದಿದೆ, 1970ರ ದಶಕದ ಕೊನೆಯಲ್ಲಿ ಖಜಾನೆ ನೋಡುತ್ತಿದ್ದ ಮಂತ್ರಿ ಜೋಯಲ್ ಬಾರ್ನೆಟ್ ಹೆಸರಿನದು. ಇಂಗ್ಲೆಂಡಿನ ಆಸ್ಪತ್ರೆಗಳಿಗೆ 100 ಪೌಂಡ್ ಜಾಸ್ತಿ ಕೊಟ್ಟರೆ ಜನಸಂಖ್ಯೆಯ ಲೆಕ್ಕದಲ್ಲಿ ಸ್ಕಾಟ್ಲೆಂಡಿಗೂ ಹತ್ತಿರಹತ್ತಿರ 10 ಪೌಂಡ್ ತಾನಾಗಿ ಹೋಗುತ್ತದೆ. ಕಡಿತ ಮಾಡಿದರೂ ಹಾಗೆಯೇ. ಆದ್ದರಿಂದ ಇದು ಬರೀ ಇಂಗ್ಲೆಂಡಿನ ವಿಷಯ, ನಿಮಗೇನು ಅಂತ ಕೇಳಿದರೆ ಸ್ಕಾಟ್ಲೆಂಡಿನ ಎಂಪಿ, ನಮ್ಮ ಜೇಬಿಗೂ ತಾಕುತ್ತದಲ್ಲ ಸ್ವಾಮಿ ಅನ್ನಬಹುದು. ಇಂಗ್ಲಿಷ್ ಪಾರ್ಲಿಮೆಂಟ್ ಬೇಕಾದರೆ ಮೊದಲು ಈ ಸೂತ್ರವನ್ನೇ ಹರಿದುಹಾಕಿ ಹೊಸದು ಬರೆಯಬೇಕು. ಅದಕ್ಕೆ ಕೈ ಹಾಕುವ ಧೈರ್ಯ ಯಾವ ಪಕ್ಷಕ್ಕೂ ಬಂದಿಲ್ಲ.

ಮೂರನೇ ದಾರಿ ಇಂಗ್ಲೆಂಡನ್ನು ತುಂಡು ಮಾಡುವುದು. ಪ್ರದೇಶಕ್ಕೊಂದು ಸಭೆ ಕೊಟ್ಟರೆ ತೂಕದ ಸಮಸ್ಯೆ ಇರುವುದಿಲ್ಲ. ಬ್ಲೇರ್ ಕಾಲದ ಉಪಪ್ರಧಾನಿ ಜಾನ್ ಪ್ರೆಸ್ಕಾಟ್‌ಗೆ ಇದರ ಮೇಲೆ ಬಹಳ ಪ್ರೀತಿ ಇತ್ತು. ಲಂಡನ್ನಿನ ಮೇಲೆ ಜಾಸ್ತಿ ಸಿಟ್ಟಿರುವುದು ಈಶಾನ್ಯದವರಿಗೆ, ನ್ಯೂಕಾಸಲ್, ಡರಮ್, ಸಂಡರ್‌ಲ್ಯಾಂಡ್ ಕಡೆಯವರಿಗೆ, ಅಲ್ಲೇ ಶುರು ಮಾಡೋಣ ಅಂದರು. 2004ರ ನವೆಂಬರ್‌ನಲ್ಲಿ ಜನಮತಗಣನೆ. ವಿರೋಧಿಗಳು ಗಾಳಿ ತುಂಬಿದ ದೊಡ್ಡದೊಂದು ಬಿಳಿಯಾನೆ ಮಾಡಿಸಿ ಊರೂರು ತಿರುಗಿಸಿದರು. ಇನ್ನೊಂದಷ್ಟು ರಾಜಕಾರಣಿಗಳನ್ನು ಸಾಕಬೇಕಾ ಅನ್ನುವುದು ಅದರ ಅರ್ಥ. ಎಡಿನ್‌ಬರೋದ ಹೊಸ ಪಾರ್ಲಿಮೆಂಟ್ ಕಟ್ಟಡ ಅಂದುಕೊಂಡದ್ದರ ಸುಮಾರು ಹತ್ತು ಪಟ್ಟು ಏರಿ 414 ಮಿಲಿಯನ್ ಪೌಂಡ್‌ಗೆ ಮುಗಿದದ್ದೂ ಅದೇ ವರ್ಷ. 78% ಜನ ಬೇಡ ಅಂದರು. ಆ ಪ್ರಚಾರದ ಹಿಂದಿದ್ದವರಲ್ಲಿ ಒಬ್ಬರು ಡೊಮಿನಿಕ್ ಕಮಿಂಗ್ಸ್. ಹನ್ನೆರಡು ವರ್ಷ ಕಳೆದು ಬ್ರೆಕ್ಸಿಟ್ ಪ್ರಚಾರ ನಡೆಸಿದ್ದೂ ಅವರೇ.

ಇಷ್ಟಕ್ಕೂ ಇಂಗ್ಲೆಂಡಿನ ಜನರಿಗೆ ತಮಗೊಂದು ಪಾರ್ಲಿಮೆಂಟ್ ಬೇಕು ಅನ್ನುವ ಹಂಬಲ ಇದೆಯಾ? ಇಂಗ್ಲಿಷರು ಅನ್ನುವ ಹೆಮ್ಮೆ ಹೆಚ್ಚಿದೆ, ಅದರಲ್ಲಿ ಅನುಮಾನ ಇಲ್ಲ. 1966ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ ಜನ ಬೀಸಿದ್ದು ಬ್ರಿಟನ್ನಿನ ಬಾವುಟ. ಮೂವತ್ತು ವರ್ಷ ಬಿಟ್ಟು 1996ರ ಯೂರೋ ಕಪ್‌ಗೆ ಅದೇ ವೆಂಬ್ಲಿಯಲ್ಲಿ ತುಂಬಿದ್ದು ಬಿಳಿಯ ಮೇಲೆ ಕೆಂಪು ಶಿಲುಬೆಯ ಇಂಗ್ಲೆಂಡ್ ಬಾವುಟ. ಆದರೆ ಬಾವುಟದಿಂದ ಪಾರ್ಲಿಮೆಂಟಿಗೆ ಬಹಳ ದೂರ. ಯಾವ ದೊಡ್ಡ ಪಕ್ಷವೂ ಇಂಗ್ಲಿಷ್ ಪಾರ್ಲಿಮೆಂಟ್ ಕೊಡುತ್ತೇವೆ ಅಂತ ಚುನಾವಣೆಗೆ ನಿಂತಿಲ್ಲ. ನನ್ನ ಅಂದಾಜು ಹೀಗೆ: ನ್ಯೂಕಾಸಲ್‌ನವರ ಸಿಟ್ಟು ಸ್ಕಾಟ್ಲೆಂಡಿನ ಎಂಪಿಗಳ ಮೇಲಿರುವುದಕ್ಕಿಂತ ಲಂಡನ್ನಿನ ಮೇಲೆ ಜಾಸ್ತಿ. ಇಂಗ್ಲೆಂಡಿಗೆ ಅಂತ ಒಂದು ಪಾರ್ಲಿಮೆಂಟ್ ಮಾಡಿ ಅದನ್ನೂ ಲಂಡನ್ನಿನಲ್ಲೇ ಕೂರಿಸಿದರೆ ಅವರಿಗೆ ಸಿಕ್ಕಿದ್ದೇನು?

ಸರ್ಕಾರಗಳು ಈಗ ಹಿಡಿದಿರುವ ದಾರಿ ಮೇಯರ್‌ಗಳದು. ಲಂಡನ್ನಿಗೆ 2000ದಲ್ಲಿ ಜನರೇ ಆರಿಸಿದ ಮೇಯರ್ ಬಂದರು. 2017ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್‌ಗೆ ಆಂಡಿ ಬರ್ನಮ್ ಬಂದರು. ಖಾಸಗಿ ಕಂಪನಿಗಳು ತಮಗೆ ಬೇಕಾದ ಹಾಗೆ ಓಡಿಸುತ್ತಿದ್ದ ಬಸ್ಸುಗಳನ್ನು ಅವರು ಹಂತಹಂತವಾಗಿ ಸಾರ್ವಜನಿಕ ಹಿಡಿತಕ್ಕೆ ತಂದರು. 2025ರ ಜನವರಿ ಹೊತ್ತಿಗೆ ಊರಿನ ಬಸ್ಸೆಲ್ಲ ಒಂದೇ ಹಳದಿ ಬಣ್ಣದ ವ್ಯವಸ್ಥೆಗೆ ಬಂದವು. ಬಸ್ಸಿನ ಬಣ್ಣ ಬದಲಾದದ್ದು ಜನರ ಕಣ್ಣಿಗೆ ಬಿತ್ತು. 2024ರ ಡಿಸೆಂಬರ್‌ನಲ್ಲಿ ಲೇಬರ್ ಸರ್ಕಾರ ಹೊರತಂದ ಶ್ವೇತಪತ್ರ ಇಂಥ ವ್ಯವಸ್ಥೆಯನ್ನು ಇಂಗ್ಲೆಂಡಿನ ಉದ್ದಗಲಕ್ಕೂ ತರುವ ಮಾತಾಡುತ್ತದೆ.

ಆದರೆ ಮೇಯರ್ ಕಾನೂನು ಮಾಡಲಾರರು. ಬಸ್ಸು ಓಡಿಸಬಹುದು, ಕಾಲೇಜಿನ ಫೀಸು ಇಳಿಸುವಂತಿಲ್ಲ. ಕಾರ್ಲೈಲ್‌ನ ಔಷಧಿ ಅಂಗಡಿಯಲ್ಲಿ ಕೊಡುವ 9.90 ಪೌಂಡ್ ಯಾವ ಮೇಯರ್ ಬಂದರೂ ಹಾಗೇ ಇರುತ್ತದೆ. ಅದನ್ನು ಏರಿಸುವುದೋ ಇಳಿಸುವುದೋ ವೆಸ್ಟ್‌ಮಿನ್ಸ್ಟರ್‌ನ ಕೆಲಸ. ಅಲ್ಲಿ ಗ್ರೆಟ್ನಾದ ಎಂಪಿಗೂ ಒಂದು ಓಟಿದೆ.